ಗೆಳೆಯನಿಗೊಂದು ಪತ್ರ: ಕೆನಡಾದವರ ಮಾತು, ಕೆನಡಾದವರ ನಗು

ಪ್ರೀತಿಯ ಸುರೇಶ,

ಹೇಗಿದೀಯ ಮಾರಾಯ? ಅಮ್ಮನ ಮಂಡಿ ನೋವು ಕಮ್ಮಿ ಆಯ್ತಾ? ಮೊನ್ನೆ ಫೋನಲ್ಲಿ ನೀನು ಕೇಳಿದ್ಯಲ್ಲ, "ಅಲ್ಲ ಕಣೋ, ಈ ಕೆನಡಾದವರು ಅಮೆರಿಕದವರ ತರನೇ ಮಾತಾಡ್ತಾರೆ, ಅವರದೇ ಸಿನಿಮಾ ನೋಡ್ತಾರೆ, ಅವರದೇ ಬರ್ಗರ್ ತಿಂತಾರೆ, ಮತ್ತೆ ಟ್ರಂಪ್ ಅಮೆರಿಕದ 51ನೇ ರಾಜ್ಯ ಆಗಿ ಅಂದಿದ್ದಕ್ಕೆ ಯಾಕಷ್ಟು ಸಿಟ್ಟಾದ್ರು" ಅಂತ. ನಾನು ಆಗ ಬಸ್ಸಲ್ಲಿದ್ದೆ, ಸುತ್ತ ಜನ, ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ. ಆದ್ರೆ ಆ ಪ್ರಶ್ನೆ ತಲೇಲೇ ಕೂತ್ಬಿಟ್ಟಿದೆ. ನಮ್ಮ ಕಾಲೇಜ್ ಗ್ಯಾಂಗಲ್ಲಿ ಉಳಿದವರೂ ಇದನ್ನೇ ಕೇಳ್ತಿರ್ತಾರೆ, ಹಾಗಾಗಿ ಎಲ್ಲರಿಗೂ ಕಾಣೋ ಹಾಗೆ ಇಲ್ಲೇ ಬರೀತಿದೀನಿ.

ಮೊದಲು ಮಾತಿನ ವಿಷಯ. ಕೆನಡಾದವರು 'ಅಬೌಟ್' ಅನ್ನೋದನ್ನ 'ಅಬೂಟ್' ಅಂತಾರೆ ಅನ್ನೋದು ಅಮೆರಿಕದವರ ಹಳೇ ತಮಾಷೆ. ಇಲ್ಲಿ ಯಾರೂ ಹಾಗನ್ನಲ್ಲ, ನಾನು ಕಿವಿಗೊಟ್ಟು ಕೇಳಿ ಹೇಳ್ತಿದೀನಿ. ನಿಜವಾಗಿ ಆಗೋದೇನು ಅಂದ್ರೆ, ಆ 'ಔ' ಸ್ವರ ಬಾಯೊಳಗೆ ಸ್ವಲ್ಪ ಮೇಲಿಂದ ಶುರು ಆಗತ್ತೆ, ಅದೂ ಮುಂದೆ ಟ, ಸ, ಫ ತರದ ಅಕ್ಷರ ಬಂದಾಗ ಮಾತ್ರ. ಅಂದ್ರೆ 'ಹೌಸ್', 'ಔಟ್' ಬೇರೆ ತರ ಕೇಳತ್ತೆ, 'ಕೌ', 'ಲೌಡ್' ಮಾಮೂಲಿ. 1973ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಭಾಷಾತಜ್ಞ ಜೆ.ಕೆ. ಚೇಂಬರ್ಸ್ ಇದಕ್ಕೆ 'ಕೆನೆಡಿಯನ್ ರೈಸಿಂಗ್' ಅಂತ ಹೆಸರಿಟ್ರು. ಅಷ್ಟೇ ವ್ಯತ್ಯಾಸ ಕಣೋ, ಎಷ್ಟು ಸಣ್ಣದು ನೋಡು. ಅದರ ಜೊತೆ 'ಝೀ' ಅನ್ನೋ ಬದಲು 'ಝೆಡ್', ಚಳಿಗಾಲದ ಟೋಪಿಗೆ 'ಟೂಕ್', ಕರೆಂಟ್ ಬಿಲ್ಲಿಗೆ 'ಹೈಡ್ರೋ ಬಿಲ್', ಮಾತಿನ ಕೊನೆಗೊಂದು 'ಏ'. ಒಟಾವಾದಿಂದ ವ್ಯಾಂಕೂವರ್‌ವರೆಗೆ ರಸ್ತೇಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಅಷ್ಟುದ್ದಕ್ಕೂ ಪೇಟೆಗಳಲ್ಲಿ ಇಂಗ್ಲಿಷ್ ಹೆಚ್ಚುಕಮ್ಮಿ ಒಂದೇ ತರ. ಕಾರಣ ಹಳೇದು. ಅಮೆರಿಕ ಬ್ರಿಟಿಷರಿಂದ ಬೇರೆ ಆದಾಗ ರಾಜನ ಕಡೆ ನಿಂತವರು ಓಡಿ ಬಂದು ಈಗ ಟೊರಾಂಟೋ ಇರೋ ಒಂಟಾರಿಯೋ ಪ್ರಾಂತ್ಯದ ಕಡೆ ನೆಲೆಸಿದ್ರು, ಆಮೇಲೆ ಪಶ್ಚಿಮಕ್ಕೆ ರೈಲು ಬಂದಾಗ ಅವರ ಮಕ್ಕಳು ಮೊಮ್ಮಕ್ಕಳು ಅದೇ ಮಾತನ್ನ ಆ ಕಡೆಗೂ ತಗೊಂಡು ಹೋದ್ರು. ಹಾಗಾಗಿ ಅಮೆರಿಕದವರ ತರ ಕೇಳತ್ತೆ ಅಂತ ನೀನಂದಿದ್ದು ಸುಳ್ಳಲ್ಲ, ಬೇರು ಒಂದೇ. ಆದ್ರೆ ಅಮೆರಿಕ ಬೇಡ ಅಂತ ಬಂದವರ ಮಾತು ಅದು, ಇದನ್ನ ಮರೀಬಾರದು.

1972ರಲ್ಲಿ ಸಿಬಿಸಿ ಅನ್ನೋ ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ರೇಡಿಯೋದಲ್ಲಿ ನಿರೂಪಕ ಪೀಟರ್ ಗ್ಜೋವ್‌ಸ್ಕಿ ಒಂದು ಸ್ಪರ್ಧೆ ಇಟ್ರು. ಅಮೆರಿಕದಲ್ಲಿ 'ಆಪಲ್ ಪೈಯಷ್ಟೇ ಅಮೆರಿಕನ್' ಅಂತ ಮಾತಿದೆಯಲ್ಲ, ಹಾಗೇ 'ಯಾವುದರಷ್ಟು ಕೆನೆಡಿಯನ್' ಅಂತ ಕೇಳುಗರು ಪೂರ್ತಿ ಮಾಡಬೇಕು. ಗೆದ್ದಿದ್ದು ಹದಿನೇಳು ವರ್ಷದ ಒಬ್ಬ ಹುಡುಗಿ. ಅವಳ ಉತ್ತರ, 'ಈ ಪರಿಸ್ಥಿತೀಲಿ ಎಷ್ಟಾಗತ್ತೋ ಅಷ್ಟು ಕೆನೆಡಿಯನ್'. ಇದನ್ನ ಕೇಳಿದಾಗಲೆಲ್ಲ ಖುಷಿ ಆಗತ್ತೆ ನಂಗೆ. ಕುದುರೆ ಇಲ್ಲ, ಕತ್ತಿ ಇಲ್ಲ, ಜೈಕಾರ ಇಲ್ಲ, ಪಕ್ಕದಲ್ಲಿ ಜನಸಂಖ್ಯೇಲಿ ಎಷ್ಟೋ ಪಟ್ಟು ದೊಡ್ಡ ದೇಶ ಇಟ್ಕೊಂಡು ನಾವು ನಾವಾಗಿರೋಕೆ ಎಷ್ಟಾಗತ್ತೋ ಅಷ್ಟು ಪ್ರಯತ್ನ ಪಡ್ತೀವಿ ಅಂತ ಒಂದೇ ಸಾಲಲ್ಲಿ ಹೇಳ್ಬಿಟ್ಟಳು.

ಅದೇ ತರ 1980ರ ಕತೆ. ಎಸ್‌ಸಿಟಿವಿ ಅಂತ ಒಂದು ಕಾಮಿಡಿ ಶೋ ಇತ್ತು. ಸಿಬಿಸಿಯಲ್ಲಿ ಜಾಹೀರಾತು ಕಮ್ಮಿ ಇದ್ದಿದ್ರಿಂದ ಇಲ್ಲಿನ ಎಪಿಸೋಡ್ ಅಮೆರಿಕದ್ದಕ್ಕಿಂತ ಎರಡು ನಿಮಿಷ ಉದ್ದ ಬೇಕಿತ್ತು. ಆ ಎರಡು ನಿಮಿಷದಲ್ಲಿ ಏನಾದ್ರೂ 'ಕೆನಡಾದ್ದು' ತೋರಿಸಿ ಅಂತ ಚಾನೆಲ್ಲಿನವರು ಹೇಳಿದ್ರು. ಇಡೀ ಶೋ ಮಾಡ್ತಿದ್ದವರೇ ಕೆನಡಾದವರು, ಇನ್ನೇನು ತೋರಿಸ್ಬೇಕು? ರಿಕ್ ಮೊರಾನಿಸ್, ಡೇವ್ ಥಾಮಸ್ ಇಬ್ರೂ ಟೂಕ್ ಹಾಕ್ಕೊಂಡು, ಬಿಯರ್ ಹಿಡ್ಕೊಂಡು, ಮಾತು ಮಾತಿಗೂ 'ಏ' ಅಂತ ಹಾಕಿ ಬಾಬ್ ಮತ್ತೆ ಡಗ್ ಮೆಕೆಂಝಿ ಅನ್ನೋ ಅಣ್ಣ ತಮ್ಮ ಆದ್ರು. ನಿಯಮವನ್ನ ಅಣಕಿಸಕ್ಕೆ ಮಾಡಿದ್ದು ದೇಶಕ್ಕೆಲ್ಲ ಅಚ್ಚುಮೆಚ್ಚಾಯ್ತು, 1983ರಲ್ಲಿ ಸಿನಿಮಾನೂ ಆಯ್ತು. ತಮ್ಮ ಮಾತಿನ ಧಾಟಿಯನ್ನ ತಾವೇ ಟಿವಿಯಲ್ಲಿ ಅಷ್ಟು ಜೋರಾಗಿ ಕೇಳಿಸ್ಕೊಂಡು ಜನ ನಕ್ಕರು, ಆ ನಗುವಲ್ಲಿ ನಾಚಿಕೆ ಇರ್ಲಿಲ್ಲ, ಪ್ರೀತಿ ಇತ್ತು.

ಆದ್ರೆ ಸುರೇಶ, ನನ್ನ ಮನಸ್ಸಿಗೆ ತುಂಬಾ ಹತ್ತಿರ ಆಗಿರೋದು ನ್ಯೂಫೌಂಡ್‌ಲ್ಯಾಂಡ್. ಅಲ್ಲಿಯವರು ಆ ಹೆಸರು ಹೇಳೋವಾಗ ಒತ್ತು ಕೊಡೋದು ಕೊನೇ 'ಲ್ಯಾಂಡ್' ಮೇಲೆ. ಪೂರ್ವದ ತುದೀಲಿ, ಸಮುದ್ರದ ಮಧ್ಯೆ ಇರೋ ದ್ವೀಪ. ಅವರ ಗಡಿಯಾರ ಕೂಡ ಅರ್ಧ ಗಂಟೆ ಬೇರೆ, ನಮ್ಮ ಇಂಡಿಯಾ ಟೈಮಲ್ಲೂ ಅರ್ಧ ಗಂಟೆ ಇದೆಯಲ್ಲ, ಹಾಗೆ. ಅದು ಕೆನಡಾಕ್ಕೆ ಸೇರಿದ್ದೇ 1949ರಲ್ಲಿ, ಅದಕ್ಕೆ ಮುಂಚಿನ ವರ್ಷ ಜನಮತ ತಗೊಂಡಾಗ ಬೇಕು ಅಂದವರು ಶೇಕಡಾ 52 ಚಿಲ್ಲರೆ ಅಷ್ಟೇ. ಇಂಗ್ಲೆಂಡಿನ ನೈಋತ್ಯದ ಊರುಗಳಿಂದ, ಐರ್ಲೆಂಡಿನ ವಾಟರ್‌ಫರ್ಡ್, ವೆಕ್ಸ್‌ಫರ್ಡ್ ಕಡೆಯಿಂದ ಮೀನು ಹಿಡಿಯೋಕೆ ಬಂದವರು ಸಣ್ಣ ಸಣ್ಣ ಕೊಲ್ಲಿಗಳಲ್ಲಿ ನೆಲೆಸಿ, ಬೇರೆಯವರ ಸಂಪರ್ಕ ಇಲ್ಲದೆ ನೂರಾರು ವರ್ಷ ಹಳೇ ಮಾತನ್ನ ಹಾಗೇ ಉಳಿಸ್ಕೊಂಡ್ರು. 1982ರಲ್ಲಿ ಆ ಮಾತಿಗೇ ಪ್ರತ್ಯೇಕವಾಗಿ ಒಂದು ದೊಡ್ಡ ನಿಘಂಟು ಬಂತು.

ನನ್ನ ಆಫೀಸಲ್ಲಿ ಅಲ್ಲಿಯವನು ಒಬ್ಬ ಇದಾನೆ. ಮೀಟಿಂಗಲ್ಲಿ ಮಾತಾಡಿದ್ರೆ ಟಿವಿ ನ್ಯೂಸ್ ಓದೋರ ತರ, ಯಾವ ಊರು ಅಂತ ಗೊತ್ತೇ ಆಗಲ್ಲ. ಒಂದಿನ ಊಟದ ಹೊತ್ತಲ್ಲಿ ಅವನ ಅಮ್ಮನ ಫೋನ್ ಬಂತು. ತಗೊಂಡ ತಕ್ಷಣ ಮನುಷ್ಯನೇ ಬೇರೆ ಆಗೋದ. ಭುಜ ಸಡಿಲ ಆಯ್ತು, ಸ್ಪೀಡ್ ಎರಡರಷ್ಟಾಯ್ತು, 'ದಿಸ್, ದಟ್' ಹೋಗಿ 'ಡಿಸ್, ಡಾಟ್' ಬಂತು, 'ಐ ನೋ' ಹೋಗಿ 'ಐ ನೋಸ್' ಆಯ್ತು, ಮಾತಿಗೊಂದು 'ಯೆಸ್ ಬೈ'. ಎಲ್ಲಿದೀಯ ಅನ್ನೋದಕ್ಕೆ 'ವೇರ್ ಯಾ ಟು' ಅಂತಾರೆ ಅವರು. ನಂಗೆ ಅರ್ಧಕ್ಕರ್ಧ ಅರ್ಥ ಆಗ್ಲಿಲ್ಲ, ಆದ್ರೂ ಕೇಳ್ತಾ ಕೂತೆ. ಬೆಂಗಳೂರಲ್ಲಿ ನಮ್ಮ ರೂಮ್‌ಮೇಟ್ ಧಾರವಾಡದ ಹುಡುಗ ಮನೆಗೆ ಫೋನ್ ಮಾಡಿದಾಗ ಇದ್ದಕ್ಕಿದ್ದಂಗೆ ಅರಳ್ತಿದ್ನಲ್ಲ, ಥೇಟ್ ಹಾಗೇ. ಫೋನ್ ಇಟ್ಟ ಮೇಲೆ ಅವನು ಹೇಳಿದ, ಅಪ್ಪ ಕೆಲಸ ಹುಡುಕ್ಕೊಂಡು ಟೊರಾಂಟೋಗೆ ಬಂದಾಗ ಬಾಯಿ ತೆಗೆದ್ರೆ ಜನ ನಗ್ತಿದ್ರಂತೆ, ಅದಕ್ಕೇ ಮನೇಲಿ ಮಕ್ಕಳಿಗೆ ಹೊರಗಡೆ ಹೀಗೆ ಮಾತಾಡ್ಬೇಡಿ ಅಂತ ಹೇಳಿಕೊಟ್ಟಿದ್ರಂತೆ. 'ನ್ಯೂಫಿ ಜೋಕ್' ಅಂತಾನೇ ಒಂದು ಜಾತಿಯ ಜೋಕುಗಳಿದ್ವು, ಪುಸ್ತಕ ಮಾಡಿ ಮಾರ್ತಿದ್ರು. ಎಲ್ಲದರಲ್ಲೂ ಅವರು ಪೆದ್ದರು. ನಮ್ಮಲ್ಲಿ ಸರ್ದಾರ್‌ಜಿ ಜೋಕ್ ಹೇಳ್ತಿದ್ರಲ್ಲ, ಅಷ್ಟೇ ಕೆಟ್ಟದ್ದು ಅದು.

ಆಮೇಲೆ 1992ರ ಜುಲೈಯಲ್ಲಿ ಸರ್ಕಾರ ಕಾಡ್ ಮೀನು ಹಿಡಿಯೋದನ್ನೇ ನಿಲ್ಲಿಸ್ತು. ಹಿಡಿದು ಹಿಡಿದು ಸಮುದ್ರದಲ್ಲಿ ಮೀನೇ ಖಾಲಿ. ಐನೂರು ವರ್ಷದ ಕಸುಬು ಒಂದೇ ದಿನ ನಿಂತೋಯ್ತು, ಸುಮಾರು 30 ಸಾವಿರ ಜನರ ಕೆಲಸ ಹೋಯ್ತು, ಊರೂರೇ ಖಾಲಿಯಾಗಿ ಜನ ಆಲ್ಬರ್ಟಾದ ಎಣ್ಣೆ ಗಣಿ, ಟೊರಾಂಟೋ ಅಂತ ಚದುರಿದ್ರು. ಈಗ ಇದನ್ನ ಕೇಳು. ಮಾರನೇ ವರ್ಷ, 1993ರಲ್ಲಿ, ಅದೇ ನ್ಯೂಫೌಂಡ್‌ಲ್ಯಾಂಡಿನ ನಾಲ್ಕು ಜನ, ಮೇರಿ ವಾಲ್ಶ್, ಕ್ಯಾಥಿ ಜೋನ್ಸ್, ರಿಕ್ ಮರ್ಸರ್, ಗ್ರೆಗ್ ಥೋಮಿ, ಸಿಬಿಸಿಯಲ್ಲಿ 'ದಿಸ್ ಅವರ್ ಹ್ಯಾಸ್ 22 ಮಿನಿಟ್ಸ್' ಅಂತ ಸುದ್ದಿ ಅಣಕದ ಕಾರ್ಯಕ್ರಮ ಶುರು ಮಾಡಿದ್ರು. ಇವರಿಗಿಂತ ಹಿಂದೆ 1973ರಲ್ಲೇ ಕಾಡ್ಕೋ ಅನ್ನೋ ತಂಡ ಟೊರಾಂಟೋದಲ್ಲಿ ನಾಟಕ ಆಡಿ, ನೀವು ನಮ್ಮನ್ನ ನೋಡಿ ನಗೋದು ಹೇಗಿರತ್ತೆ ನೋಡಿ ಅಂತ ಕನ್ನಡಿ ಹಿಡಿದಿತ್ತು, ಮೇರಿ, ಕ್ಯಾಥಿ ಇಬ್ರೂ ಅಲ್ಲಿಂದ ಬಂದವರೇ. ಯಾರ ಮಾತು ಕೇಳಿ ದೇಶ ನಗ್ತಿತ್ತೋ ಅವರೇ ಈಗ ಪ್ರಧಾನಿಯಿಂದ ಹಿಡಿದು ಎಲ್ಲರನ್ನೂ ಕುಟುಕೋದು, ದೇಶ ಕೂತು ನೋಡೋದು.

2000ದ ಚುನಾವಣೇಲಿ ಸ್ಟಾಕ್‌ವೆಲ್ ಡೇ ಅನ್ನೋ ನಾಯಕರ ಪಕ್ಷ, ಶೇಕಡಾ 3ರಷ್ಟು ಮತದಾರರು ಸಹಿ ಹಾಕಿದ್ರೆ ಯಾವ ವಿಷಯಕ್ಕಾದ್ರೂ ಜನಮತ ತಗೋಬೇಕು ಅಂತಿತ್ತು. ಮರ್ಸರ್ ಟಿವಿಯಲ್ಲಿ ಬಂದು, ಹಾಗಾದ್ರೆ ಸ್ಟಾಕ್‌ವೆಲ್ ತಮ್ಮ ಹೆಸರನ್ನ ಡೋರಿಸ್ ಅಂತ ಬದಲಾಯಿಸ್ಕೋಬೇಕು, ಸಹಿ ಹಾಕಿ ಅಂದ್ರು. ಡೋರಿಸ್ ಡೇ ಅಂದ್ರೆ ಅಮೆರಿಕದ ಹಳೇ ಸಿನಿಮಾ ನಟಿ. ಲಕ್ಷಗಟ್ಟಲೆ ಸಹಿ ಬಿತ್ತು. ಒಂದು ನೀತಿಯ ದೋಷವನ್ನ ಸಂಪಾದಕೀಯ ಬರೆದು ತೋರಿಸಕ್ಕಾಗದೇ ಇದ್ದಿದ್ದನ್ನ ಒಂದು ನಗು ತೋರಿಸ್ತು. ಅದೇ ವರ್ಷ ಮರ್ಸರ್ ಅಮೆರಿಕಕ್ಕೆ ಹೋಗಿ, ಅಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾರ್ಜ್ ಬುಷ್‌ಗೆ, ಕೆನಡಾದ ಪ್ರಧಾನಿ 'ಜಾನ್ ಪುಟೀನ್' ನಿಮಗೆ ಬೆಂಬಲ ಕೊಟ್ಟಿದಾರೆ ಅಂತ ಹೇಳಿದ್ರು, ಬುಷ್ ಧನ್ಯವಾದ ಹೇಳ್ಬಿಟ್ರು. ಪ್ರಧಾನಿ ಹೆಸರು ಜಾನ್ ಕ್ರೆಟಿಯನ್. ಪುಟೀನ್ ಅಂದ್ರೆ ಆಲೂ ಫ್ರೈ ಮೇಲೆ ಚೀಸು, ಗ್ರೇವಿ ಹಾಕಿ ಕೊಡೋ, ಫ್ರೆಂಚ್ ಮಾತಾಡೋ ಕ್ವಿಬೆಕ್ ಪ್ರಾಂತ್ಯದ ತಿಂಡಿ. ಅರ್ಕಾನ್ಸಾ ರಾಜ್ಯದ ಗವರ್ನರ್ ಮೈಕ್ ಹಕಬಿ ಅಂತೂ ಕೆನಡಾದವರು ತಮ್ಮ 'ರಾಷ್ಟ್ರೀಯ ಇಗ್ಲೂ' ಕಾಪಾಡ್ಕೊಂಡಿದ್ದಕ್ಕೆ ಅಭಿನಂದನೆ ಹೇಳಿದ್ರು. 2001ರಲ್ಲಿ ಇದೆಲ್ಲ ಸೇರಿಸಿ ಒಂದು ಗಂಟೆಯ ಕಾರ್ಯಕ್ರಮ ಬಂದಾಗ ಸುಮಾರು 27 ಲಕ್ಷ ಜನ ನೋಡಿದ್ರು. ನಾವು ನಿಮ್ಮ ಬಗ್ಗೆ ಎಲ್ಲ ತಿಳ್ಕೊಂಡಿದೀವಿ, ನಿಮಗೆ ನಮ್ಮ ಪ್ರಧಾನಿ ಹೆಸರೂ ಗೊತ್ತಿಲ್ಲ ಅನ್ನೋ ನೋವು ಅದರೊಳಗಿದೆ. ನಿನ್ನ ಪ್ರಶ್ನೆಗೆ ನಾನು ಕೊಡೋ ಉತ್ತರ ಇದೇ. ಪಕ್ಕದ ಮನೆಯವರು ನಮ್ಮನ್ನ ನೋಡೋದೇ ಇಲ್ಲ ಅಂತ ಗೊತ್ತಿರೋರ ದೇಶಾಭಿಮಾನ ಇವರದ್ದು, ಅದು ಮೆರವಣಿಗೇಲಿ ಕಾಣಲ್ಲ, ನಗುವಲ್ಲಿ ಕಾಣತ್ತೆ.

ಅದಕ್ಕೇ 2025ರಲ್ಲಿ ಟ್ರಂಪ್ ಸುಂಕ, 51ನೇ ರಾಜ್ಯ ಅಂತೆಲ್ಲ ಶುರುವಾದಾಗ ಎದ್ದು ನಿಂತವರಲ್ಲಿ ಹಾಸ್ಯದವರೂ ಇದ್ರು. ಟೊರಾಂಟೋದ ಸ್ಕಾರ್‌ಬರೋ ಹುಡುಗ, ಹಾಸ್ಯನಟ ಮೈಕ್ ಮೈಯರ್ಸ್ ಮಾರ್ಚ್ 1ರಂದು ನ್ಯೂಯಾರ್ಕಿನ ಟಿವಿ ಶೋ ಮುಗಿಯೋ ಹೊತ್ತಿಗೆ 'ಕೆನಡಾ ಮಾರಾಟಕ್ಕಿಲ್ಲ' ಅನ್ನೋ ಟೀ ಶರ್ಟ್ ತೋರಿಸಿ, ಮೊಣಕೈ ತಟ್ಟಿ, ತುಟಿಯಲ್ಲೇ 'ಎಲ್ಬೋಸ್ ಅಪ್' ಅಂದ್ರು. ಐಸ್ ಹಾಕಿಯಲ್ಲಿ ಮೈಮೇಲೆ ಬಂದವನಿಗೆ ಮೊಣಕೈ ಅಡ್ಡ ಕೊಡೋದು ಅದು, ಗಾರ್ಡಿ ಹೌ ಅನ್ನೋ ಹಳೇ ಆಟಗಾರ ಅದಕ್ಕೆ ಹೆಸರುವಾಸಿ. ಕೆಲವೇ ದಿನಕ್ಕೆ ದೇಶದ ತುಂಬ ಅದೇ ಮಾತು. ಆಮೇಲೆ ಪ್ರಧಾನಿ ಮಾರ್ಕ್ ಕಾರ್ನಿ ಜೊತೆ ಐಸ್ ರಿಂಕ್ ಪಕ್ಕ ನಿಂತು ಒಂದು ಜಾಹೀರಾತು. ಟೊರಾಂಟೋದ ಎರಡು ಋತು ಯಾವುವು ಅಂತ ಕಾರ್ನಿ ಕೇಳ್ತಾರೆ, 'ಚಳಿಗಾಲ, ರಸ್ತೆ ಕಾಮಗಾರಿ' ಅಂತಾರೆ ಮೈಯರ್ಸ್. 2000ದಲ್ಲಿ ಒಂದು ಬಿಯರ್ ಜಾಹೀರಾತಲ್ಲಿ 'ಐ ಆಮ್ ಕೆನೆಡಿಯನ್' ಅಂತ ಕೂಗಿದ್ದ ನಟ ಜೆಫ್ ಡಗ್ಲಸ್ ಕೂಡ ಹೊಸ ವಿಡಿಯೋ ಮಾಡಿದ್ರು. ಹಳೇದರಲ್ಲಿ 'ನಾನು' ಅಂತಿದ್ದಿದ್ದು ಈ ಸಲ 'ನಾವು'. ಒಂಟಾರಿಯೋದ ಸರ್ಕಾರಿ ಹೆಂಡದ ಅಂಗಡೀಲಿ ಅಮೆರಿಕದ ಬಾಟಲಿ ಇದ್ದ ಶೆಲ್ಫೆಲ್ಲ ಖಾಲಿ, ಅದನ್ನ ಕಣ್ಣಾರೆ ನೋಡಿದೆ. ಅಂಗಡೀಲಿ ಅಜ್ಜಿಯೊಬ್ಬರು ಟೊಮೇಟೋ ಡಬ್ಬಿ ತಿರುಗಿಸಿ ತಿರುಗಿಸಿ ಎಲ್ಲಿ ಮಾಡಿದ್ದು ಅಂತ ಓದ್ತಿದ್ರು.

ಕ್ವಿಬೆಕ್ ಬಗ್ಗೆ ಬರೆದ್ರೆ ಇನ್ನೊಂದು ಪತ್ರ ಆಗತ್ತೆ. ಅಲ್ಲಿನ ಫ್ರೆಂಚ್ ಕೇಳಿ ಪ್ಯಾರಿಸ್‌ನವರು ನಗ್ತಾರೆ, ಕ್ವಿಬೆಕ್ಕಿನವರೂ ಅದೇ ಮಾತನ್ನ ಹಿಡ್ಕೊಂಡು ನಾಟಕ ಬರೆದ್ರು, ಮಾಂಟ್ರಿಯಲ್‌ನಲ್ಲಿ 1988ರಲ್ಲಿ ಹಾಸ್ಯ ಕಲಿಸೋ ಶಾಲೆಯನ್ನೇ ತೆರೆದ್ರು. ಅದೇ ಮಾಂಟ್ರಿಯಲ್‌ನಲ್ಲಿ ಪಂಜಾಬಿ ಮನೆತನದ ಶುಗರ್ ಸ್ಯಾಮಿ ಅನ್ನೋ ಕಾಮಿಡಿಯನ್ ಅರ್ಧ ಇಂಗ್ಲಿಷ್ ಅರ್ಧ ಫ್ರೆಂಚಲ್ಲಿ ಒಂದೇ ಶೋ ಮಾಡಿದ್ರು, ಎರಡೂ ಕಡೆಯವರು ಒಂದೇ ಹಾಲಲ್ಲಿ ಕೂತು ನಕ್ಕರು. ನಂಗೆ ಅದು ಯಾವ ಸಂಧಾನ ಸಭೆಗಿಂತಲೂ ದೊಡ್ಡದು ಅನ್ಸತ್ತೆ.

ಇನ್ನು ನಮ್ಮವರು. ಬ್ರಾಂಪ್ಟನ್‌ನಲ್ಲಿ ಬೆಳೆದ ಕಾಮಿಡಿಯನ್ ರಸಲ್ ಪೀಟರ್ಸ್ ಗೊತ್ತಲ್ಲ ನಿಂಗೆ, 2004ರ ಒಂದು ಟಿವಿ ಕಾರ್ಯಕ್ರಮ ಯೂಟ್ಯೂಬಲ್ಲಿ ಹರಡಿ ಲೋಕಕ್ಕೆಲ್ಲ ಪರಿಚಯ ಆದವರು. ಅವರು ಅಪ್ಪನ ಇಂಡಿಯನ್ ಇಂಗ್ಲಿಷ್ ಮಾಡಿದಾಗ ನಾನೂ ಹೊಟ್ಟೆ ಹಿಡ್ಕೊಂಡು ನಕ್ಕಿದೀನಿ. ಆದ್ರೆ ಅದನ್ನೇ ಮಾರನೇ ದಿನ ಆಫೀಸಲ್ಲಿ ಬೇರೆಯವನೊಬ್ಬ ನನ್ನ ಮುಂದೆ ಮಾಡಿದಾಗ ನಗು ಬರಲ್ಲ ಕಣೋ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಕಂಪನಿ ಇಂಟರ್‌ವ್ಯೂನಲ್ಲಿ ಎಲ್ಲ ಮುಗಿದ ಮೇಲೆ, ಕೆಲಸ ಚೆನ್ನಾಗಿ ಗೊತ್ತು ನಿಮಗೆ, ಆದ್ರೆ ಕ್ಲೈಂಟ್ ಜೊತೆ ಮಾತಾಡಕ್ಕೆ ಅಂತ ಎಳೆದ್ರು, ನಂಗೆ ಅರ್ಥ ಆಯ್ತು. ಒಂಟಾರಿಯೋದಲ್ಲಿ 2026ರ ಜನವರಿ 1ರಿಂದ 25 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿಗಳು ಜಾಹೀರಾತಲ್ಲಿ 'ಕೆನೆಡಿಯನ್ ಎಕ್ಸ್‌ಪೀರಿಯನ್ಸ್ ಬೇಕು' ಅಂತ ಹಾಕೋ ಹಾಗಿಲ್ಲ, ಒಳ್ಳೇದಾಯ್ತು, ಆದ್ರೆ ಕಿವಿಗೆ ಯಾವ ಕಾನೂನು ಮಾಡೋದು? ಆ ನ್ಯೂಫೌಂಡ್‌ಲ್ಯಾಂಡ್ ಹುಡುಗನ ಅಪ್ಪನ ಕತೆ ನಂಗೆ ಅಷ್ಟು ನಾಟಿದ್ದು ಇದಕ್ಕೇ. ನನ್ನ ಮಗಳ ಕ್ಲಾಸಿನ ಹುಡುಗರ ಮಾತಲ್ಲಿ ಜಮೈಕಾದ್ದು, ಸೊಮಾಲಿಯದ್ದು ಎಲ್ಲ ಸೇರ್ಕೊಂಡಿದೆ, ಪಂಜಾಬಿ ಹುಡುಗ, ತಮಿಳು ಹುಡುಗಿ, ಬಿಳಿ ಹುಡುಗ ಎಲ್ಲರದ್ದೂ ಒಂದೇ ಧಾಟಿ. ಟೀಚರ್‌ಗಳು ಸರಿಯಾಗಿ ಮಾತಾಡಿ ಅಂತಾರೆ. ನಂಗನ್ಸೋದು, ಮುಂದಿನ ಕೆನಡಾದ ಇಂಗ್ಲಿಷ್ ಇವರ ಬಾಯಲ್ಲೇ ಹುಟ್ಟತಾ ಇದೆ, ಇವರಲ್ಲೇ ಯಾರೋ ಒಬ್ಬರು ನಾಳೆ ಇಡೀ ದೇಶವನ್ನ ನಗಿಸ್ತಾರೆ.

2022ರ ಮೇ ತಿಂಗಳಲ್ಲಿ ತುಮಕೂರು ಜಿಲ್ಲೆ ಶಿರಾ ತಾಲೂಕಿನ ಚಂದ್ರ ಆರ್ಯ ಇಲ್ಲಿನ ಪಾರ್ಲಿಮೆಂಟಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನ ನೀನೇ ನಂಗೆ ವಾಟ್ಸಾಪ್ ಮಾಡಿದ್ದೆ. ಅವರ ನೆಪಿಯನ್ ಕ್ಷೇತ್ರದಿಂದಲೇ 2025ರಲ್ಲಿ ಕಾರ್ನಿ ನಿಂತು ಗೆದ್ದಿದ್ದು, ಆರ್ಯ ಅವರಿಗೆ ಕೊಟ್ಟಿದ್ದ ಟಿಕೆಟನ್ನ ಪಕ್ಷ ವಾಪಸ್ ತಗೊಂಡಿತ್ತು. ಅದು ನಂಗೆ ಬೇಜಾರಾಯ್ತು, ಇರ್ಲಿ, ಅದರ ಬಗ್ಗೆ ಫೋನಲ್ಲಿ ಮಾತಾಡೋಣ.

ಮುಂದಿನ ಬೇಸಿಗೇಲಿ ಬರ್ತೀನಿ ಅಂದಿದೀಯಲ್ಲ, ನಯಾಗರಾಕ್ಕೆ ಒಂದು ದಿನ ಸಾಕು. ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ಗೂ ಹೋಗ್ಬರೋಣ, ಟೊರಾಂಟೋದಿಂದ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಜೂನ್ ಮೊದಲ ವಾರಕ್ಕೆ ಬಂದ್ರೆ ದಡದಿಂದಲೇ ಐಸ್‌ಬರ್ಗ್ ಕಾಣೋ ಚಾನ್ಸ್ ಇರತ್ತೆ. ನನ್ನ ಸಹೋದ್ಯೋಗಿ ಅವರಮ್ಮನ ಮನೇಲೇ ಉಳ್ಕೊಳ್ಳಿ ಅಂದಿದಾನೆ. ರಜೆ ಯಾವಾಗ ಸಿಗತ್ತೆ ಅಂತ ಬೇಗ ಹೇಳು, ಟಿಕೆಟ್ ನೋಡ್ತೀನಿ. ವೀಸಾಕ್ಕೆ ಈಗಲೇ ಹಾಕು, ತಡ ಮಾಡ್ಬೇಡ. ಅಮ್ಮಂಗೆ ನಮಸ್ಕಾರ ಹೇಳು.

ಇಂತಿ ನಿನ್ನ,
ರವಿ