ನಕ್ಷತ್ರದ ಕಾರು: ಎಲುಬು ಗಟ್ಟಿ, ಕೀಲು ಸಡಿಲ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ವಾಹನ ಪುಟದಲ್ಲಿ ಐಷಾರಾಮಿ ಕಾರುಗಳ ಪರಿಚಯ ಬಂದಾಗಲೆಲ್ಲ ಪರದೆ ಎಷ್ಟು ಅಗಲ, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು, ಸೀಟಿನ ಚರ್ಮ ಯಾವ ಬಣ್ಣ ಎಂಬ ವಿವರ ತಪ್ಪದೆ ಇರುತ್ತದೆ. ಹತ್ತು ವರ್ಷ ಓಡಿದ ಮೇಲೆ ಅದು ಎಲ್ಲಿ ಕೈಕೊಡುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಮರ್ಸಿಡಿಸ್-ಬೆಂಜ್ ವಿಷಯದಲ್ಲಂತೂ ಜನರದ್ದು ಎರಡೇ ಮಾತು. ಒಂದೋ ‘ಬೆಂಜ್ ಅಂದ್ರೆ ಬೆಂಜ್’, ಇಲ್ಲವೇ ‘ಅದು ಬಿಳಿ ಆನೆ, ತಂಟೆಗೆ ಹೋಗಬೇಡಿ’. ಎರಡೂ ಅರ್ಧ ಸತ್ಯ. ಈ ಕಂಪನಿಯ ಕಾರಿನ ಎಲುಬು ಗಟ್ಟಿ, ಸಡಿಲವಾಗುವುದು ಕೀಲುಗಳು. ಒಂದು ರಬ್ಬರ್ ಸೀಲು, ಒಂದು ವೈರಿನ ಹೊದಿಕೆ, ಒಂದು ಹಲ್ಲುಚಕ್ರ ಇಡೀ ಕಾರಿನ ಹೆಸರು ಕೆಡಿಸಿದ ಉದಾಹರಣೆಗಳು ಸಾಕಷ್ಟಿವೆ. ಹಾಗಾಗಿ ಯಾವ ವರ್ಷದ್ದು, ಯಾವ ಎಂಜಿನ್ ಎಂದು ಕೇಳದೆ ಈ ಕಾರನ್ನು ಹೊಗಳುವುದೂ ತೆಗಳುವುದೂ ವ್ಯರ್ಥ.

ಮೊದಲು ಎಲುಬಿನ ಮಾತು. ಅಪಘಾತದಲ್ಲಿ ಕಾರಿನ ಮುಂಭಾಗ ಮತ್ತು ಹಿಂಭಾಗ ಮುದುಡಿ ಪೆಟ್ಟು ನುಂಗಬೇಕು, ಜನ ಕೂರುವ ಗೂಡು ಮಾತ್ರ ಮುದುಡಬಾರದು ಎಂಬ ವಿಚಾರಕ್ಕೆ ಈ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ 1951ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. 1959ರ ಡಬ್ಲ್ಯು 111 (ಇದು ಕಂಪನಿ ತನ್ನ ಮಾದರಿಗಳಿಗೆ ಕೊಡುವ ಒಳಗಿನ ಗುರುತು) ಮಾದರಿಯಲ್ಲಿ ಅದು ರಸ್ತೆಗೆ ಬಂತು. ಬಿಡಿಭಾಗ ತಯಾರಿಸುವ ಬಾಷ್ ಕಂಪನಿಯ ಜೊತೆ ಸೇರಿ 1978ರಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕ್, 1981ರಲ್ಲಿ ಏರ್‌ಬ್ಯಾಗ್ ಕೊಟ್ಟರು. ಕಂಪನಿಯ ದೊಡ್ಡ ಕಾರಾದ 1979ರ ಎಸ್-ಕ್ಲಾಸ್ ಅನ್ನು ಎದುರಿನ ವಾಹನಕ್ಕೆ ಮುಂಭಾಗದ ಶೇ 40ರಷ್ಟು ಮಾತ್ರ ತಾಗುವ ಡಿಕ್ಕಿಯನ್ನು ಗಮನದಲ್ಲಿಟ್ಟು ರೂಪಿಸಿದ್ದರು. ರಸ್ತೆಯಲ್ಲಿ ಆಗುವ ಡಿಕ್ಕಿಗಳು ಬಹುಪಾಲು ಓರೆಯಾಗಿಯೇ ಆಗುತ್ತವೆ, ಗೋಡೆಗೆ ನೇರವಾಗಿ ಗುದ್ದಿದಂತೆ ಆಗುವುದಿಲ್ಲ. ಇದನ್ನು ಗಮನಿಸಿದ್ದೇ ದೊಡ್ಡದು.

ವಿನ್ಯಾಸ ಎಂದರೆ ಬರೀ ಅಂದ ಎಂದುಕೊಂಡವರು ಆ ಕಾಲದ ಹಿಂದೀಪವನ್ನು ನೋಡಬೇಕು. 1971ರ ಸ್ಪೋರ್ಟ್ಸ್ ಮಾದರಿ ಎಸ್ಎಲ್‌ನಿಂದ ಶುರುವಾಗಿ ಬಹಳ ವರ್ಷ ಅದರ ಗಾಜು ಉಬ್ಬುತಗ್ಗಿನ ಪಟ್ಟಿಗಳಿಂದ ಕೂಡಿತ್ತು. ಕೆಸರು ಸಿಡಿದರೆ ಉಬ್ಬಿನ ಮೇಲೆ ಕೂರುತ್ತದೆ, ತಗ್ಗು ಸ್ವಚ್ಛವಾಗಿ ಉಳಿದು ಬೆಳಕು ಹಿಂದಿನವರಿಗೆ ಕಾಣುತ್ತದೆ. 1979ರ ಎಸ್-ಕ್ಲಾಸ್ ಪೀಳಿಗೆಯಲ್ಲಿ ಸೀಟು ಹೊಂದಿಸುವ ಸ್ವಿಚ್ಚಿಗೆ ಸೀಟಿನದೇ ಆಕಾರ ಕೊಟ್ಟು ಬಾಗಿಲಿನ ಮೇಲೆ ಇಟ್ಟರು. ಬೆನ್ನು ಹಿಂದಕ್ಕೆ ಬೇಕೆ? ಸ್ವಿಚ್ಚಿನ ಬೆನ್ನನ್ನು ಹಿಂದಕ್ಕೆ ತಳ್ಳಿ. ಕತ್ತಲಲ್ಲೂ ಕೈಗೆ ತಿಳಿಯುತ್ತದೆ, ಪುಸ್ತಕ ಓದಬೇಕಿಲ್ಲ. 1976ರ ಡಬ್ಲ್ಯು 123ರ ಬಾನೆಟ್ ನೆಟ್ಟಗೆ ಆಕಾಶಕ್ಕೆ ನಿಲ್ಲುವಷ್ಟು ತೆರೆಯುತ್ತದೆ. ಕೆಲಸ ಮಾಡುವವನ ಬೆನ್ನಿನ ಬಗ್ಗೆಯೂ ಯೋಚಿಸಿದ ವಿನ್ಯಾಸ ಅದು. ಆ ಮಾದರಿ ಸುಮಾರು 27 ಲಕ್ಷ ತಯಾರಾಯಿತು. 1975ರಿಂದ 1999ರವರೆಗೆ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದ ಬ್ರೂನೋ ಸಾಕೊ ಹಾಕಿಕೊಂಡ ನಿಯಮವೂ ಇದಕ್ಕೆ ತಕ್ಕುದಾಗಿತ್ತು: ಹೊಸ ಮಾದರಿ ಬಂದ ಕೂಡಲೇ ಹಳೆಯದು ಹಳತಾಗಿ ಕಾಣಬಾರದು. ನಲವತ್ತು ವರ್ಷದ ಡಬ್ಲ್ಯು 124 ಇವತ್ತಿಗೂ ಕಣ್ಣಿಗೆ ಹಿತವಾಗಿರುವುದಕ್ಕೆ ಇದೇ ಕಾರಣ.

ಕೀಲು ಸಡಿಲವಾಗಲು ಶುರುವಾದದ್ದು 1990ರ ದಶಕದಲ್ಲಿ. ಸುಮಾರು 1992ರಿಂದ 1995ರ ನಡುವಿನ ಹಲವು ಮಾದರಿಗಳ ಎಂಜಿನ್ ವೈರಿಂಗಿಗೆ ಪರಿಸರಕ್ಕೆ ಹಾನಿಯಾಗದಂತೆ ಕೊಳೆತುಹೋಗುವ ಹೊದಿಕೆ ಬಳಸಿದರು. ಉದ್ದೇಶ ಒಳ್ಳೆಯದೇ. ಆದರೆ ಎಂಜಿನ್ನಿನ ಬಿಸಿಗೆ ಆ ಹೊದಿಕೆ ಕೆಲವೇ ವರ್ಷಗಳಲ್ಲಿ ಒಣಗಿ ಹಪ್ಪಳದಂತೆ ಪುಡಿಯಾಗುತ್ತದೆ, ತಾಮ್ರ ಬತ್ತಲಾಗಿ ಒಂದಕ್ಕೊಂದು ತಾಗುತ್ತದೆ. ಕಾರು ನಿಂತಿರುವಾಗಿನ ಎಂಜಿನ್ ವೇಗ (ಐಡ್ಲಿಂಗ್) ಏರಿಳಿಯುವುದು, ಒಂದು ಸಿಲಿಂಡರ್ ಆಗಾಗ ಮಿಸ್ ಹೊಡೆಯುವುದು, ಕೊನೆಗೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ (ಇಸಿಯು) ಸುಡುವುದು ಎಲ್ಲವೂ ಇದರದೇ ಸರಣಿ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಸುಟ್ಟ ಇಸಿಯು ಬದಲಿಸಿ ವೈರಿಂಗ್ ಹಾಗೇ ಬಿಡುವುದು. ಹೊಸ ಪೆಟ್ಟಿಗೆಯೂ ಅದೇ ಶಾರ್ಟಿಗೆ ಸುಡುತ್ತದೆ. ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿದ್ದಾಗ ಹೆಚ್ಚು ಬಿಸಿ ತಾಗುವ ಜಾಗದಲ್ಲಿ ಹೊರಗಿನ ಕೊಳವೆಯನ್ನು ತುಸು ಸರಿಸಿ ಒಳಗಿನ ವೈರನ್ನು ನೋಡಿ. ಬಿರುಕಿದ್ದರೆ ಮುಟ್ಟುವ ಮೊದಲೇ ಕಾಣುತ್ತದೆ. ಅಲ್ಲಲ್ಲಿ ಟೇಪು ಸುತ್ತಿ ಪ್ರಯೋಜನವಿಲ್ಲ, ಹೊದಿಕೆ ಉದ್ದಕ್ಕೂ ಸತ್ತಿರುತ್ತದೆ. ಪೂರ್ತಿ ವೈರುಗಳ ಕಟ್ಟೇ (ಹಾರ್ನೆಸ್) ಬದಲಾಗಬೇಕು. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಮೋಟಾರಿನೊಳಗಿನ ವೈರುಗಳೂ ಅದೇ ಜಾತಿಯವು, ಅವನ್ನು ಮರೆಯಬಾರದು.

1995ರಲ್ಲಿ ಬಂದ ಡಬ್ಲ್ಯು 210 ಇ-ಕ್ಲಾಸ್‌ನದು ತುಕ್ಕಿನ ಕಥೆ. ಬಾಗಿಲಿನ ಅಂಚು, ಡಿಕ್ಕಿ ಮುಚ್ಚಳಕ್ಕೆ ತುಕ್ಕು ಹಿಡಿದರೆ ಅಂದ ಕೆಡುತ್ತದೆ ಅಷ್ಟೆ. ಮುಂದಿನ ಸ್ಪ್ರಿಂಗ್ ಕೂರುವ ಬಟ್ಟಲಿಗೆ ಹಿಡಿದರೆ ಜೀವಕ್ಕೇ ಅಪಾಯ. ಆ ಬಟ್ಟಲನ್ನು ಒಳಗಿನ ತಗಡಿಗೆ ಬೆಸೆದು ಅಂಚಿಗೆ ಸೀಲರ್ ಬಳಿದಿರುತ್ತಾರೆ. ಸೀಲರ್ ಒಂದು ಕಡೆ ಬಿರಿದರೆ ಒಳಹೊಕ್ಕ ನೀರು ಹೊರಬರುವುದಿಲ್ಲ, ಮೇಲೆ ಬಣ್ಣ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಬೆಸುಗೆ ತಿಂದುಹೋಗುತ್ತದೆ. ಒಂದು ದಿನ ಬಟ್ಟಲು ಕಿತ್ತು ಸ್ಪ್ರಿಂಗ್ ಮೇಲಕ್ಕೆ ನುಗ್ಗುತ್ತದೆ. ಚಕ್ರ ಬಿಚ್ಚಿ, ಟಾರ್ಚ್ ಹಾಕಿ, ಸೀಲರ್ ಉಬ್ಬಿದ ಕಡೆ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡದೆ ಈ ಮಾದರಿಯನ್ನು ಯಾರೂ ಕೊಳ್ಳಬಾರದು.

ಗೇರ್‌ಬಾಕ್ಸಿನ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು, ಏಕೆಂದರೆ ಇಲ್ಲಿ ಯಂತ್ರಕ್ಕಿಂತ ಹೆಚ್ಚು ಹಾಳು ಮಾಡಿದ್ದು ಒಂದು ಮಾತು. 1990ರ ದಶಕದ ನಡುವೆ ಬಂದ ಐದು ಗೇರಿನ 722.6 ಆಟೊಮ್ಯಾಟಿಕ್ ನಿಜಕ್ಕೂ ಗಟ್ಟಿ ಪೆಟ್ಟಿಗೆ. ಆದರೆ ‘ಇದರ ಎಣ್ಣೆ ಜೀವಮಾನಕ್ಕೆ ಒಮ್ಮೆ ತುಂಬಿದ್ದು’ ಎಂದುಬಿಟ್ಟರು. ಮಟ್ಟ ನೋಡುವ ಕೊಳವೆ ಇತ್ತು, ಅದರೊಳಗೆ ಕಡ್ಡಿ ಇರಲಿಲ್ಲ. ಆಮೇಲೆ ಕಂಪನಿಯೇ 60,000 ಕಿ.ಮೀ.ಗೆ ಎಣ್ಣೆ ಬದಲಿಸಿ ಎಂದು ಮಾತು ತಿದ್ದಿಕೊಂಡಿತು. ಅಷ್ಟರಲ್ಲಿ ಕಪ್ಪು ಎಣ್ಣೆಯಲ್ಲೇ ಲಕ್ಷಾಂತರ ಕಿ.ಮೀ. ಓಡಿದ ಪೆಟ್ಟಿಗೆಗಳು ಎಷ್ಟೋ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ಸಾಗಿಸುವ ಟಾರ್ಕ್ ಕನ್ವರ್ಟರ್ ಸೇರಿ ಸುಮಾರು 8 ಲೀಟರ್ ಹಿಡಿಯುತ್ತದೆ. ಕೆಳಗಿನ ತಟ್ಟೆ ಬಿಚ್ಚಿದರೆ ಇಳಿಯುವುದು ಅರ್ಧದಷ್ಟು ಮಾತ್ರ. ಮಟ್ಟ ನೋಡಬೇಕಾದದ್ದು ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಇರುವಾಗ, ಎಂಜಿನ್ ಓಡುತ್ತಿದ್ದು ಲಿವರ್ ಪಾರ್ಕಿನಲ್ಲಿರುವಾಗ. ತಣ್ಣಗಿದ್ದಾಗ ಬಿಸಿಯ ಗೆರೆಯವರೆಗೆ ತುಂಬಿದರೆ ಓಡುವಾಗ ಎಣ್ಣೆ ಹೆಚ್ಚಾಗಿ ನೊರೆಗಟ್ಟುತ್ತದೆ, ಗೇರು ಜಾರುತ್ತದೆ.

ಇದೇ ಪೆಟ್ಟಿಗೆಯ ಪಕ್ಕದಲ್ಲಿ 13 ಪಿನ್ನಿನ ಒಂದು ಪ್ಲಾಸ್ಟಿಕ್ ಪ್ಲಗ್ ಇದೆ. ಅದರ ಎರಡು ಓ-ರಿಂಗ್ ಗಟ್ಟಿಯಾದರೆ ಎಣ್ಣೆ ಹೊರಗೆ ಜಿನುಗುವುದಷ್ಟೇ ಅಲ್ಲ, ಬತ್ತಿಯಲ್ಲಿ ಏರುವ ಹಾಗೆ ವೈರಿನ ಎಳೆಗಳೊಳಗೆ ಏರಿ ಗೇರಿನ ನಿಯಂತ್ರಣ ಪೆಟ್ಟಿಗೆಯವರೆಗೂ ಹೋಗುತ್ತದೆ. ಗೇರು ಒಂದೇ ಸ್ಥಾನದಲ್ಲಿ ಸಿಕ್ಕಿಕೊಳ್ಳುತ್ತದೆ, ‘ಗೇರ್‌ಬಾಕ್ಸೇ ಹೋಯ್ತು’ ಎಂಬ ತೀರ್ಪು ಬರುತ್ತದೆ. ಒಂದೇ ಬೋಲ್ಟಿನಲ್ಲಿ ನಿಂತಿರುವ ಆ ಪ್ಲಗ್ಗನ್ನು ಎಣ್ಣೆ ಬದಲಿಸುವಾಗಲೇ ಹೊಸದು ಹಾಕಿದರೆ ಮುಗಿಯಿತು. ನಿಯಂತ್ರಣ ಪೆಟ್ಟಿಗೆಯ ಕನೆಕ್ಟರ್ ಎಳೆದು ಒಳಗೆ ಎಣ್ಣೆ ಹಸಿ ಇದೆಯೇ ನೋಡದೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ. 2000ದ ಆಸುಪಾಸಿನ ಕೆಲವು ಕಾರುಗಳಲ್ಲಿ ಇನ್ನೊಂದು ಸಮಸ್ಯೆ: ರೇಡಿಯೇಟರಿನೊಳಗಿನ ಎಣ್ಣೆ ತಂಪುಮಾಡುವ ಭಾಗ ಸೋರಿ ಕೂಲೆಂಟ್ ಗೇರ್ ಎಣ್ಣೆಗೆ ಸೇರುತ್ತದೆ. ಹಗುರವಾಗಿ ಆಕ್ಸಿಲರೇಟರ್ ಒತ್ತಿ ಸಾಗುವಾಗ, ಉಬ್ಬುಪಟ್ಟಿಯ ಮೇಲೆ ಹೋದಂತೆ ನಡುಕ ಬಂದರೆ ಮೊದಲು ಎಣ್ಣೆಯಲ್ಲಿ ಕೂಲೆಂಟಿನ ಗ್ಲೈಕಾಲ್ ಇದೆಯೇ ಎಂದು ಪರೀಕ್ಷಿಸಿ.

2002ರ ಡಬ್ಲ್ಯು 211 ಇ-ಕ್ಲಾಸ್‌ಗೆ ಎಸ್‌ಬಿಸಿ ಎಂಬ ವಿದ್ಯುತ್ ಚಾಲಿತ ಬ್ರೇಕ್ ಕೊಟ್ಟರು. ಹೆಜ್ಜೆಯ ಒತ್ತಡವನ್ನು ಸೆನ್ಸರ್ ಓದಿ, ಪಂಪು ಬ್ರೇಕ್ ಹಾಕುವ ವ್ಯವಸ್ಥೆ. 2004ರಲ್ಲಿ 6.8 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು, 2006ರಲ್ಲಿ ತಿದ್ದಿದ ಇ-ಕ್ಲಾಸ್‌ನಿಂದ ಅದನ್ನು ಕೈಬಿಟ್ಟರು. ಈ ಕಾರಿನ ಬ್ರೇಕ್ ಪ್ಯಾಡ್ ಬದಲಿಸುವವರಿಗೆ ಎಚ್ಚರಿಕೆ: ಬಾಗಿಲು ತೆರೆದರೂ ಪಂಪು ಎಚ್ಚರಗೊಂಡು ಪಿಸ್ಟನ್ ತಳ್ಳುತ್ತದೆ. ಸ್ಕ್ಯಾನರಿನಿಂದ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸದೆ ಕ್ಯಾಲಿಪರಿನಲ್ಲಿ ಬೆರಳಿಟ್ಟರೆ ಬೆರಳು ಹೋಗುತ್ತದೆ.

ಗಾಳಿ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ರಬ್ಬರ್ ಚೀಲ ಬಿರಿಯುವುದು ಸಹಜ ಸವೆತ, ಅದಕ್ಕೆ ಕಂಪನಿಯನ್ನು ಬೈಯುವುದು ನ್ಯಾಯವಲ್ಲ. ಚಿಕ್ಕ ಸೋರಿಕೆಯನ್ನು ಕಡೆಗಣಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಡುತ್ತದೆ. ಸಂಜೆ ನಿಲ್ಲಿಸಿದಾಗ ನಾಲ್ಕೂ ಚಕ್ರದ ಕಮಾನಿನಿಂದ ನೆಲಕ್ಕೆ ಅಳತೆ ತೆಗೆದಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. ಯಾವ ಮೂಲೆ ಇಳಿದಿದೆಯೋ ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿ. ಕಂಪ್ರೆಸರ್ ಬದಲಿಸುವಾಗ ಅದಕ್ಕೆ ವಿದ್ಯುತ್ ಕೊಟ್ಟು ನಿಲ್ಲಿಸುವ ರಿಲೇಯನ್ನೂ ಬದಲಿಸಬೇಕು. ಹಳೆಯ ರಿಲೇ ಅಂಟಿಕೊಂಡರೆ ಹೊಸ ಕಂಪ್ರೆಸರಿಗೂ ಅದೇ ಗತಿ.

ಎಂಜಿನ್ನುಗಳಲ್ಲಿ 2004ರಲ್ಲಿ ಬಂದ, ಆರು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ ವಿ6 ಪೆಟ್ರೋಲ್ ಎಂ 272 ನನ್ನ ದೃಷ್ಟಿಯಲ್ಲಿ ಅತ್ಯಂತ ಬೇಸರ ತರಿಸುವ ಉದಾಹರಣೆ. ಎಂಜಿನ್ನೇನೋ ಸೊಗಸಾದದ್ದು. ಆದರೆ ಮೊದಲ ವರ್ಷಗಳಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಹಲ್ಲುಚಕ್ರದ ಲೋಹ ಮೆತ್ತಗಿತ್ತು. ಹಲ್ಲು ಸವೆದಂತೆ ಚೈನು ಸಡಿಲವಾಗಿ ಕವಾಟಗಳು ತೆರೆದು ಮುಚ್ಚುವ ಹೊತ್ತು (ಕ್ಯಾಮ್ ಟೈಮಿಂಗ್) ತಪ್ಪುತ್ತದೆ, ಎಂಜಿನ್ ದೀಪ ಹತ್ತುತ್ತದೆ. ಆ ಚಕ್ರ ಅಂಗೈಯಗಲದ್ದೂ ಅಲ್ಲ, ಅದನ್ನು ಬದಲಿಸಲು ಮಾತ್ರ ಎಂಜಿನ್ನನ್ನೇ ಕೆಳಗಿಳಿಸಬೇಕು. ಅದರ ಅಣ್ಣ ವಿ8 ಎಂ 273ರಲ್ಲೂ ಚೈನು ಹಾಯುವ ಒಂದು ಚಕ್ರಕ್ಕೆ ಇದೇ ರೋಗ. ನಂತರ ಗಟ್ಟಿ ಲೋಹ ಬಳಸಿದರು. ಹಾಗಾಗಿ ಇಲ್ಲಿ ಕಾರಿನ ನೋಂದಣಿ ವರ್ಷಕ್ಕಿಂತ ಎಂಜಿನ್ ಸಂಖ್ಯೆ ಮುಖ್ಯ.

ವಿ6 ಡೀಸೆಲ್ ಓಎಂ 642ರಲ್ಲಿ ಆಯಿಲ್ ಕೂಲರನ್ನು ಎರಡು ಸಿಲಿಂಡರ್ ಸಾಲಿನ ನಡುವಿನ ಕಣಿವೆಯಲ್ಲಿ, ಟರ್ಬೋ ಕೆಳಗೆ ಹುದುಗಿಸಿದ್ದಾರೆ. ಎಲ್ಲಕ್ಕಿಂತ ಬಿಸಿ ಜಾಗದಲ್ಲಿ ಎರಡು ಪುಟ್ಟ ಸೀಲು! ಅವು ಗಟ್ಟಿಯಾಗಿ ಬಿರಿದರೆ ಎಣ್ಣೆ ಕಣಿವೆಯಲ್ಲಿ ನಿಂತು, ಹಿಂದಿನಿಂದ ಹರಿದು ಗೇರ್‌ಬಾಕ್ಸ್ ಮೇಲೆ ಇಳಿಯುತ್ತದೆ. ನೋಡಿದವರು ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸುತ್ತಾರೆ, ಸೋರಿಕೆ ನಿಲ್ಲುವುದಿಲ್ಲ. ಸೀಲು ಅಗ್ಗ, ಕೂಲಿ ಇಡೀ ದಿನದ್ದು. ಬದಲಿಸುವಾಗ ಬಿಸಿ ತಡೆಯುವ ವೈಟಾನ್ ರಬ್ಬರಿನ ಸೀಲನ್ನೇ ಹಾಕಬೇಕು. ಟರ್ಬೋ ಬಾಯಿಯ ರಬ್ಬರ್ ಸೀಲಿನಿಂದ ತೊಟ್ಟಿಕ್ಕುವ ಎಣ್ಣೆ ನೇರ ಕೆಳಗಿರುವ ಒಳಹೋಗುವ ಗಾಳಿಯ ಸುಳಿಯನ್ನು ಹೊಂದಿಸುವ ಸ್ವರ್ಲ್ ಮೋಟಾರಿನ ಮೇಲೆ ಬಿದ್ದು ಅದನ್ನು ಸುಡುವುದೂ ಇದೇ ಎಂಜಿನ್ನಿನಲ್ಲಿ. ಎಣ್ಣೆ ಸೋರುವ ಸಾಧ್ಯತೆ ಇರುವ ಜಾಗದ ಕೆಳಗೆ ವಿದ್ಯುತ್ ಮೋಟಾರ್ ಇಡಬಾರದು ಎಂಬುದು ದೊಡ್ಡ ವಿದ್ಯೆಯೇನಲ್ಲ. 2008ರ ನಾಲ್ಕು ಸಿಲಿಂಡರ್ ಡೀಸೆಲ್ ಓಎಂ 651ರಲ್ಲಂತೂ ಟೈಮಿಂಗ್ ಚೈನನ್ನೇ ಗೇರ್‌ಬಾಕ್ಸ್ ಕಡೆಗೆ, ಕೈ ಸುಲಭವಾಗಿ ತಲುಪದ ಹಿಂಬದಿಗೆ ತಿರುಗಿಸಿಟ್ಟಿದ್ದಾರೆ.

ಕಂಪನಿ ತಪ್ಪು ತಿದ್ದಿಕೊಂಡದ್ದನ್ನೂ ಹೇಳಲೇಬೇಕು. 1997ರಲ್ಲಿ ಪುಟ್ಟ ಎ-ಕ್ಲಾಸ್ ಸ್ವೀಡನ್ನಿನ ಪರೀಕ್ಷೆಯಲ್ಲಿ, ಅಡ್ಡಬಂದ ಪ್ರಾಣಿಯಿಂದ ತಪ್ಪಿಸಿಕೊಳ್ಳುವಂತೆ ತಿರುಗಿಸಿದಾಗ ಮಗುಚಿತು. ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಕಾರು ಜಾರಿ ಹಿಡಿತ ತಪ್ಪದಂತೆ ಕಾಯುವ, ಅದುವರೆಗೆ ದುಬಾರಿ ಕಾರಿಗಷ್ಟೇ ಇದ್ದ ಇಎಸ್‌ಪಿಯನ್ನು ಎಲ್ಲ ಎ-ಕ್ಲಾಸಿಗೂ ಕೊಟ್ಟರು. ಹಳೆಯ ಮಾದರಿಗಳ ಬಿಡಿಭಾಗ ಒದಗಿಸಲು 1993ರಿಂದ ಜರ್ಮನಿಯ ಫೆಲ್‌ಬಾಖ್‌ನಲ್ಲಿ ಪ್ರತ್ಯೇಕ ಕೇಂದ್ರವನ್ನೇ ನಡೆಸುತ್ತಿದ್ದಾರೆ. ಈ ನಿಷ್ಠೆ ಎಲ್ಲ ಕಂಪನಿಗಳಲ್ಲೂ ಕಾಣಸಿಗದು.

ಹೊಸ ಕಾರುಗಳ ಬಗ್ಗೆ ಒಂದೇ ಮಾತು. 2021ರ ವಿದ್ಯುತ್ ಕಾರು ಇಕ್ಯೂಎಸ್ ಗಾಳಿಯನ್ನು ಸೀಳುವ ಲೆಕ್ಕದಲ್ಲಿ (ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು) 0.20 ಮುಟ್ಟಿದ್ದು ಅಪ್ಪಟ ಎಂಜಿನಿಯರಿಂಗ್. ಅದರೊಳಗಿನ 141 ಸೆಂ.ಮೀ. ಗಾಜಿನ ಪರದೆಯ ಹರವು ಹಾಗಲ್ಲ. ಒಂದು ಕಾಲಕ್ಕೆ ಕೈಯಾಡಿಸಿದರೆ ತಿಳಿಯುತ್ತಿದ್ದ ಸೀಟಿನ ಸ್ವಿಚ್ಚು ಈಗ ಆಕಾರ ಮಾತ್ರ ಉಳಿಸಿಕೊಂಡು ಅಲುಗಾಡದ ಸ್ಪರ್ಶಗುಂಡಿಯಾಗಿದೆ. ಒತ್ತಿದ್ದು ಕೈಗೆ ತಿಳಿಯದಿದ್ದರೆ ಕಣ್ಣು ರಸ್ತೆ ಬಿಟ್ಟು ಅಲ್ಲಿಗೆ ಹೋಗುತ್ತದೆ. ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಒಣಬಟ್ಟೆ ಎಳೆದರೂ ಗೀರು ಬೀಳುತ್ತದೆ; ಹಳೆಯ ಕಾರುಗಳ ಎಂಬಿ-ಟೆಕ್ಸ್ ಎಂಬ ಕೃತಕ ಚರ್ಮದ ಸೀಟು ಮೂವತ್ತು ವರ್ಷ ಕೂತರೂ ಹರಿಯುತ್ತಿರಲಿಲ್ಲ.

ಬಳಸಿದ ಬೆಂಜ್ ನೋಡಲು ಹೋಗುವವರು ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ. ಮಾರುವವರು ಬಿಸಿ ಮಾಡಿಟ್ಟಿದ್ದರೆ ಅಂದು ವಾಪಸ್ ಬಂದು ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಚೈನಿನ ಗಡಗಡ ಕೇಳುತ್ತದೆಯೇ ಗಮನಿಸಿ, ಬಿಸಿಯಾದ ಮೇಲೆ ಆ ಸದ್ದು ಅಡಗಿಬಿಡುತ್ತದೆ. ಗೇರ್ ಎಣ್ಣೆ ಬದಲಿಸಿದ ರಸೀದಿ ಕೇಳಿ. ಕೊನೆಗೆ ಬಾನೆಟ್ ಎತ್ತಿ, ಮುಂಗಾಜಿನ ಬುಡದಲ್ಲಿ ನೀರು ಇಳಿದುಹೋಗುವ ತೂತುಗಳನ್ನು ನೋಡಿ. ಅಲ್ಲಿ ತರಗೆಲೆ ಕಟ್ಟಿಕೊಂಡಿದ್ದರೆ ಮಳೆನೀರು ಫ್ಯೂಸ್ ಪೆಟ್ಟಿಗೆಗೋ ಕಾಲಡಿಯ ಚಾಪೆಗೋ ಇಳಿದಿರುತ್ತದೆ. ಚಾಪೆ ಎತ್ತಿ ಕೆಳಗಿನ ಸ್ಪಂಜನ್ನು ಹಿಂಡಿ ನೋಡಿ.

ಇಂತಿ,
ಒಬ್ಬ ವಾಹನ ತಂತ್ರಜ್ಞ