ನಮ್ಮೂರ ವೀರಗಲ್ಲಿನ ಶುಚಿಗೊಳಿಸುವಿಕೆ: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಊರ ಹಬ್ಬಕ್ಕೆ ಮುಂಚೆ ಕೆರೆ ಏರಿಯ ಬಳಿಯಿರುವ ವೀರಗಲ್ಲನ್ನು ಶುಚಿಗೊಳಿಸಿ ಬಣ್ಣ ಬಳಿಯಬೇಕೆಂಬ ಸಲಹೆ ಬಂದಿದೆ. ಕಾಳಜಿ ಮೆಚ್ಚತಕ್ಕದ್ದೇ, ಆದರೆ ಬಣ್ಣ ಖಂಡಿತ ಬೇಡ.

ಬೆಂಗಳೂರು ಎಂಬ ಈ ಮಹಾನಗರದ ಹೆಸರಿಗೆ ದೊರೆತಿರುವ ಅತಿ ಹಳೆಯ ಸಾಕ್ಷ್ಯವೂ ಒಂದು ವೀರಗಲ್ಲೇ ಎಂಬುದನ್ನು ದಯವಿಟ್ಟು ಗಮನಿಸಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಆ ಶಾಸನವು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಹಳಗನ್ನಡದಲ್ಲಿ ಸ್ಮರಿಸುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಕಿತ್ತಯ್ಯನೆಂಬ ವೀರನ ಕಲ್ಲಿನಲ್ಲಿ ಬೆಂಗಳೂರಿನ ಹೆಸರಿಲ್ಲ, ಆದರೆ ಅದು ಇನ್ನೂ ಹಿಂದಿನದು, ಗಂಗರ ಅರಸ ಶ್ರೀಪುರುಷನ ಆಳ್ವಿಕೆಯ ಕಾಲದ್ದು. ಅರಸರಷ್ಟೇ ಅಲ್ಲ, ಊರು ಕಾಯಲು, ದನ ಬಿಡಿಸಲು ಹೋಗಿ ಪ್ರಾಣ ಕೊಟ್ಟ ಸಾಮಾನ್ಯರ ಹೆಸರೂ ಉಳಿದಿರುವುದು ಇಂಥ ಕಲ್ಲುಗಳಲ್ಲಿಯೇ. ಈ ಕಾರಣಕ್ಕೇ ನನಗೆ ಇವು ಅರಮನೆಗಳಿಗಿಂತ ಹೆಚ್ಚು ಬೆಲೆಯುಳ್ಳವು.

ಎಣ್ಣೆ, ಕುಂಕುಮ, ಬಣ್ಣಗಳು ಧೂಳನ್ನು ಹಿಡಿದಿಟ್ಟು ಅಕ್ಷರಗಳ ಗೆರೆ ಮುಚ್ಚುತ್ತವೆ. ಆಸಿಡ್ ಮತ್ತು ತಂತಿ ಬ್ರಷ್ ಮೇಲ್ಪದರವನ್ನೇ ಕಿತ್ತುಹಾಕುತ್ತವೆ. ಬುಡಕ್ಕೆ ಸುರಿದ ಸಿಮೆಂಟ್ ತೇವವನ್ನೂ ಲವಣವನ್ನೂ ಕಲ್ಲಿನೊಳಕ್ಕೆ ತಳ್ಳುತ್ತದೆ. ಆದ್ದರಿಂದ ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದು, ಸುತ್ತಲಿನ ಕಳೆಯನ್ನು ಕೈಯಿಂದ ಕಿತ್ತರೆ ಸಾಕು. ಪೂಜೆ ಸಲ್ಲಿಸುವವರು ಹೂವನ್ನು ಕಲ್ಲಿನ ಮುಂದೆ ಇಡಬಹುದು. ಫೋಟೊಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ, ಸವೆದ ಅಕ್ಷರಗಳೂ ಆಗ ಕಾಣುತ್ತವೆ. ರಸ್ತೆ ಅಥವಾ ಚರಂಡಿ ಕೆಲಸಕ್ಕೆಂದು ಯಾರಾದರೂ ಕಲ್ಲನ್ನು ಕದಲಿಸಲು ಬಂದರೆ ತಕ್ಷಣ ಈ ಗುಂಪಿನಲ್ಲಿ ತಿಳಿಸಿ. ಪುರಾತತ್ವ ಇಲಾಖೆಗೆ ಲಿಖಿತ ಮನವಿಯನ್ನು ಎಲ್ಲರ ಸಹಿಯೊಂದಿಗೆ ಸಲ್ಲಿಸೋಣ.