ಒಗ್ಗರಣೆಯ ಬೆಳ್ಳುಳ್ಳಿಗೆ ಇಷ್ಟು ಹೊರೆ ಬೇಡ

ಮಾನ್ಯ ಸಂಪಾದಕರೇ,

ದಿನವೂ ಖಾಲಿ ಹೊಟ್ಟೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಹತ್ತಿರ ಸುಳಿಯದು ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಕಳೆದ ವಾರ ಬಂದ ಬರಹದ ಚಿತ್ರ ಈಗ ಕುಮಟಾದಲ್ಲಿ ಮೊಬೈಲಿನಿಂದ ಮೊಬೈಲಿಗೆ ತಿರುಗುತ್ತಿದೆ. ಆಚಾರದ ಕಾರಣಕ್ಕೆ ಬೆಳ್ಳುಳ್ಳಿ ಮುಟ್ಟದ ಶಿರಸಿ ಕಡೆಯ ನಮ್ಮ ಪರಿಚಿತರೊಬ್ಬರು, ಇನ್ನಾದರೂ ತಿನ್ನಬೇಕೇ ಎಂದು ಫೋನ್ ಮಾಡಿ ಕೇಳಿದರು. ಬರಹದ ಮಾತು ಬುಡವಿಲ್ಲದ್ದು ಎನ್ನಲಾರೆ. ಆದರೆ ಬುಡ ಎಷ್ಟು ಗಟ್ಟಿ ಎಂಬುದನ್ನೂ ಬರೆಯಬೇಕಿತ್ತು.

ಅಮೆರಿಕದ ಅಯೋವಾದಲ್ಲಿ 41,837 ಮಹಿಳೆಯರ ಆಹಾರವನ್ನು ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳ್ಳುಳ್ಳಿ ಹೆಚ್ಚು ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಕಂಡಿತ್ತು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯೂ 2007ರ ವರದಿಯಲ್ಲಿ ಬೆಳ್ಳುಳ್ಳಿ ಬಹುಶಃ ರಕ್ಷಣೆ ನೀಡುತ್ತದೆ ಎಂದಿತ್ತು. ಆದರೆ ಅಮೆರಿಕದಲ್ಲೇ 76,208 ಮಹಿಳೆಯರನ್ನೂ 45,592 ಪುರುಷರನ್ನೂ 24 ವರ್ಷಗಳವರೆಗೆ ಗಮನಿಸಿದ ಅಧ್ಯಯನ 2013ರಲ್ಲಿ ಹೊರಬಂದಾಗ ಅಂಥ ಯಾವ ನಂಟೂ ಕಾಣಲಿಲ್ಲ. ಅದೇ ನಿಧಿಯ 2017ರ ಪರಿಷ್ಕೃತ ವರದಿಯ ರಕ್ಷಕ ಆಹಾರಗಳ ಸಾಲಿನಲ್ಲಿ ಬೆಳ್ಳುಳ್ಳಿ ಉಳಿಯಲೂ ಇಲ್ಲ. ಅಲ್ಲಿ ಉಳಿದದ್ದು ಇಡಿಧಾನ್ಯ, ನಾರಿನಂಶ, ಹಾಲಿನ ಪದಾರ್ಥಗಳು. ಪುರಾವೆ ಇನ್ನೂ ತೆಳುವಾಗಿದೆ ಎಂಬ ಷರಾದೊಂದಿಗೆ ಮೀನು ಕೂಡ. (ಕರಾವಳಿಯವನಾದ ನನಗೆ ಇದನ್ನು ಓದಿ ಸ್ವಲ್ಪ ಖುಷಿಯಾದದ್ದು ನಿಜ.)

ಬೆಳ್ಳುಳ್ಳಿಯನ್ನು ಜಜ್ಜಿದಾಗ ಅದರಲ್ಲಿನ ಕಿಣ್ವ ಕೆಲಸ ಮಾಡಿ ಆಲಿಸಿನ್ ಎಂಬ ಘಾಟಿನ ವಸ್ತು ಹುಟ್ಟುತ್ತದೆ, ಪ್ರಯೋಗಾಲಯದ ಆಸಕ್ತಿಯೆಲ್ಲ ಬಹುಮಟ್ಟಿಗೆ ಅದರ ಮತ್ತು ಅದರಿಂದಾಗುವ ಗಂಧಕಯುಕ್ತ ವಸ್ತುಗಳ ಮೇಲೆ. ಇಡೀ ಎಸಳನ್ನೇ ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಕೆಲಸಕ್ಕೆ ಮೊದಲೇ ಸಾಯುತ್ತದೆ. ಹಾಗಿರುವಾಗ ಬಂಗಡೆ ಸಾರಿಗೆ ಅರೆದದ್ದನ್ನೂ ಸಾರಿನ ಒಗ್ಗರಣೆಯಲ್ಲಿ ಕೆಂಪಗೆ ಹುರಿದದ್ದನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ದಿನಕ್ಕೆ ಎರಡು ಎಸಳು ಎನ್ನುವುದರಲ್ಲಿ ಅರ್ಥವೇನು?

ಇಷ್ಟು ಉದ್ದ ಬರೆಯಲು ಕಾರಣ ನನ್ನ ಭಾವನವರು. ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಜೇನಿನಲ್ಲಿ ನೆನೆಸಿದ ಬೆಳ್ಳುಳ್ಳಿಯ ಗಾಜಿನ ಭರಣಿಯನ್ನು ದೇವರ ಕೋಣೆಯ ಕಿಟಕಿಯಲ್ಲಿಟ್ಟುಕೊಂಡು ಎಂಟು ತಿಂಗಳು ತಿಂದರು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ ಮೇಲೆಯೇ ಜಿಲ್ಲೆಯ ಹೊರಗಿನ ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಆಗಿ ಗಡ್ಡೆ ಪತ್ತೆಯಾಯಿತು. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸಬಲ್ಲದಾದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಆ ಭರಣಿಯನ್ನೇ ಮೊದಲು ಬಿಡಿಸಿದರು. ಈಗ ಅವರು ಓಡಾಡಿಕೊಂಡಿದ್ದಾರೆ. ಕಳೆದುಹೋದ ಎಂಟು ತಿಂಗಳನ್ನು ಬೆಳ್ಳುಳ್ಳಿಯ ತಪ್ಪೆಂದು ನಾನು ಹೇಳುವುದಿಲ್ಲ, ಅದರ ಮೇಲೆ ಹೊರಿಸಿದ ಭರವಸೆಯ ತಪ್ಪೆನ್ನುತ್ತೇನೆ.

ಆದ್ದರಿಂದ ನಿಮ್ಮಲ್ಲಿ ವಿನಂತಿ: ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ರೂಢಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಈ ಲಕ್ಷಣಗಳನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ. ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕಂಠಕ್ಕೆ ಸೀಮಿತವಾಗಿದೆ. ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಹುಡುಕುವ ಸರಳ ಪರೀಕ್ಷೆಯನ್ನು ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಐವತ್ತು ದಾಟಿದವರಿಗಾದರೂ ಮಾಡಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿ, ಅವರ ಉತ್ತರವನ್ನೂ ಪ್ರಕಟಿಸಿ.

– ನಿವೃತ್ತ ಶಿಕ್ಷಕ, ಕುಮಟಾ